ಉಸಿರು ಬಿರಡೆ

ಹುಲ್ಲು ಕಟ್ಟುವ ಬೇಲರು ಯಂತ್ರ ಇನ್ನೂ ರಸ್ತೆಯ ತಿರುವಿನಲ್ಲಿರುವಾಗಲೇ ಗ್ರೀಸಕ್ಕನಿಗೆ ಅದರ ಗುರುತು ಹತ್ತಿತು. ಹಿಂಬದಿಯ ತಗಡು ಸಡಿಲಾಗಿ, ಗುಂಡಿಗೊಮ್ಮೆ ಎರಡೆರಡು ಸಲ ಬಡಿದುಕೊಳ್ಳುವ ಸದ್ದು. ಲೋಕದಲ್ಲಿ ಇನ್ನಾವ ಯಂತ್ರವೂ ಹಾಗೆ ಬಡಿದುಕೊಳ್ಳುವುದಿಲ್ಲ. ಆ ತಗಡಿಗೆ ಮೂರನೆಯ ಬೋಲ್ಟು ಹಾಕಬೇಕು ಅಂತ ಅವಳಪ್ಪ ಸಾಯುವವರೆಗೂ ಹೇಳುತ್ತಲೇ ಇದ್ದ, ಹಾಕಲಿಲ್ಲ. ಅವಳು ಕೈಯಲ್ಲಿದ್ದ ಸ್ಪ್ಯಾನರನ್ನು ಬೆಂಚಿನ ಮೇಲೆ ಇಟ್ಟಳು ಅನ್ನುವುದಕ್ಕಿಂತ ಕುಕ್ಕಿದಳು ಅನ್ನಬೇಕು.

ಪಕ್ಕದ ಶೆಡ್ಡಿನಿಂದ ವೆಲ್ಡಿಂಗ್ ಮಾಮ ಮುಖದ ಕವಚ ಎತ್ತಿ ಇಣುಕಿದ. ಮಾಮನಿಗೆ ಅರವತ್ತು ದಾಟಿದೆ. ಕಣ್ಣು ಮಂಜು, ಕಿವಿ ಚುರುಕು, ನಾಲಿಗೆ ಅದಕ್ಕಿಂತ ಚುರುಕು.

"ತಾಯೀ, ನಿನ್ನ ತವರುಮನೆ ಮಿಷನ್ನು ಬರ್ತಾ ಇದೆ."

"ಬರಲಿ. ಬಂದ ದಾರೀಲೇ ಹೋಗಲಿ."

ಐವತ್ತನಾಲ್ಕು ವರ್ಷದ ಈ ಹೆಂಗಸಿಗೆ ಗ್ರೀಸಕ್ಕ ಅಂತ ಹೆಸರಿಟ್ಟವರು ಯಾರೋ ತಿಳಿಯದು. ಹೆತ್ತವರಿಟ್ಟ ಹೆಸರು ಈಗ ಆಸ್ಪತ್ರೆಯ ಚೀಟಿಯಲ್ಲಿ ಮಾತ್ರ ಉಳಿದಿದೆ. ಅವಳಪ್ಪ ಹುಲ್ಲಿನ ಯಂತ್ರಗಳ ರಿಪೇರಿಯವನು. ಹುಲ್ಲು ಕೊಯ್ಯುವವು, ಒಣಗಲು ಹರಡುವವು, ಒಣಗಿದ್ದನ್ನು ಅಮುಕಿ ಹುರಿ ಬಿಗಿದು ಚೌಕದ ಕಟ್ಟು ಮಾಡಿ ಹಿಂದಕ್ಕೆ ಉದುರಿಸುವ ಬೇಲರುಗಳು, ಎಲ್ಲವೂ ಅವನ ಕೈ ಕೆಳಗೆ ಹಾದುಹೋದವು. ಹೊಸ ಯಂತ್ರಗಳಿಗೆ ಕಂಪನಿಯವರಿದ್ದರು. ಹಳೆಯವಕ್ಕೆ ದೇವರು ಮತ್ತು ಅವನು. ಅವನು ಹೋದ ಮೇಲೆ ಹುಲ್ಲುಗಾವಲು, ದನಗಳು ಮತ್ತು ಆ ಬೇಲರು ಮಗನ ಪಾಲಿಗೆ, ವರ್ಕ್‌ಶಾಪು ಮಗಳ ಪಾಲಿಗೆ. ಪಾಲಿನಲ್ಲಿ ಜಗಳವಾಗಲಿಲ್ಲ. ಜಗಳಕ್ಕೆ ಇನ್ನೂ ಕಾಲ ಬಂದಿರಲಿಲ್ಲ ಅಷ್ಟೆ.

ಅದು ಬಂದದ್ದು ಮೂರು ವರ್ಷದ ಹಿಂದೆ. ಅಕ್ಕ ಬೇಲರಿನ ಗೇರ್‌ಬಾಕ್ಸನ್ನು ಬಿಚ್ಚಿ, ತೊಳೆದು, ಎಣ್ಣೆ ಸೋರದಂತೆ ತಡೆಯುವ ಹೊಸ ಸೀಲು ಕೂರಿಸಿ ಕೊಟ್ಟಳು. ಮೂರನೆಯ ದಿನ ನಡುಹೊಲದಲ್ಲಿ ಶಾಫ್ಟಿನ ಸೀಲು ಹಾರಿ, ಎಣ್ಣೆಯೆಲ್ಲ ಹುಲ್ಲಿನ ಪಾಲಾಗಿ, ಒಣಗಿದ ಗೇರು ನಾಲ್ಕು ಹಲ್ಲು ಉದುರಿಸಿಕೊಂಡು ನಿಂತಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮರುದಿನ ಬೆಳಿಗ್ಗೆ ಡೈರಿಯ ಅಂಗಳದಲ್ಲಿ, ಹಾಲಿನ ಕ್ಯಾನುಗಳ ಸಾಲಿನ ಮುಂದೆ, ಇಪ್ಪತ್ತು ಜನರ ಎದುರು ತಮ್ಮ ಅಂದುಬಿಟ್ಟ:

"ಅಪ್ಪನ ಅಂಗಡಿ ಬಂತು ಇವಳಿಗೆ. ಅಪ್ಪನ ಕೈ ಬರಲಿಲ್ಲ."

"ಓಡಿಸೋನಿಗೆ ಓಡಿಸೋಕೆ ಬರಬೇಕು," ಅಂದಳು ಇವಳು.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!"

ಇಪ್ಪತ್ತು ಜನ ನಕ್ಕರು. ಕೆಟ್ಟ ಜನರೇನಲ್ಲ, ಗಾದೆ ಸರಿಯಾದ ಜಾಗಕ್ಕೆ ಬಿದ್ದಾಗ ಯಾರಿಗಾದರೂ ನಗು ಬರುತ್ತದೆ. ಆದರೆ ಆ ನಗು ಅವಳ ಕಿವಿಯಿಂದ ಇಳಿಯಲಿಲ್ಲ. ಅಂಗಡಿಗೆ ಬಂದವಳೇ ಆ ಬೇಲರಿಗೆ ಸೇರಿದ ತಗಡಿನ ಡಬ್ಬಿಯನ್ನು ತೆಗೆದು ಅಟ್ಟದ ಮೂಲೆಗೆ ಎಸೆದಳು. ಅಪ್ಪನ ಕಾಲದಿಂದ ಒಂದೊಂದು ಯಂತ್ರಕ್ಕೆ ಒಂದೊಂದು ಡಬ್ಬಿ. ಬಿಚ್ಚಿದ ಸಣ್ಣಪುಟ್ಟ ಭಾಗಗಳೆಲ್ಲ ಆಯಾ ಡಬ್ಬಿಗೆ. ಆ ಡಬ್ಬಿಯ ಮುಖ ಇನ್ನು ನೋಡುವುದಿಲ್ಲ ಅಂತ ಆಣೆ ಇಟ್ಟುಕೊಂಡಳು. ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಹತ್ತುವುದಿಲ್ಲ ಎನ್ನುತ್ತಾರೆ ಹಿರಿಯರು. ಹಿರಿಯರು ಇನ್ನೊಂದು ಹೇಳಲಿಲ್ಲ: ಮೂಗು ಹೋದದ್ದು ಕೋಪ ಇರುವವರೆಗೆ ಗೊತ್ತೇ ಆಗುವುದಿಲ್ಲ.

ಬೇಲರನ್ನು ಎಳೆದುಕೊಂಡು ಟ್ರ್ಯಾಕ್ಟರು ಅಂಗಳಕ್ಕೆ ಬಂದು ನಿಂತಿತು. ಇಳಿದವಳು ತಮ್ಮನಲ್ಲ, ತಮ್ಮನ ಹೆಂಡತಿ.

"ಅತ್ತಿಗೆ, ಬೈಯೋದೆಲ್ಲ ಮೊದಲು ಬೈದುಬಿಡಿ. ಆಮೇಲೆ ಮಿಷನ್ನು ನೋಡಿ."

"ನಾನ್ಯಾಕೆ ಬೈಯಲಿ? ನಿನ್ನ ಗಂಡ ಬಂದು ಕೇಳಲಿ."

"ಅವರು ಕೇಳಲ್ಲ. ಹುಲ್ಲನ್ನ ಹಲ್ಲಲ್ಲಿ ಕಚ್ಚಿಕೊಂಡಾದರೂ ಮನೆಗೆ ಒಯ್ತೀನಿ, ಅಕ್ಕನ ಬಾಗಿಲಿಗೆ ಹೋಗಲ್ಲ ಅಂದ್ರು."

"ಒಯ್ಯಲಿ. ಹಲ್ಲು ಗಟ್ಟಿ ಇವೆ."

"ಕೆಳಗಿನ ಸಾಲಲ್ಲಿ ಎರಡು ಹೋಗಿವೆ ಅತ್ತಿಗೆ."

ಗ್ರೀಸಕ್ಕನಿಗೆ ನಗು ಬರುವುದರಲ್ಲಿತ್ತು. ಅದನ್ನು ನುಂಗಿ ಕೇಳಿದಳು, "ಈಗ ಎಲ್ಲಿದಾನೆ ಆ ಮಹಾನುಭಾವ?"

"ಇದು ಕೈ ಕೊಡ್ತಲ್ಲ, ಬಾಡಿಗೆ ಬೇಲರ್ ಹುಡುಕಿಕೊಂಡು ಹೋಗಿದಾರೆ. ಎಲ್ಲಿ ಸಿಗತ್ತೆ? ಎಲ್ಲರ ಹುಲ್ಲೂ ಒಂದೇ ದಿನ ಒಣಗಿ ಕೂತಿದೆ. ನಮ್ಮದು ಕೊಯ್ದು, ಸಾಲು ಮಾಡಿ ಆಗಿದೆ. ನಾಳೆ ಸಂಜೆಗೆ ಮಳೆ ಅಂತಿದಾರೆ. ನಲವತ್ತು ಬಾಯಿ ಅತ್ತಿಗೆ, ಚಳಿಗಾಲ ಪೂರ್ತಿ ಅದನ್ನೇ ತಿನ್ನಬೇಕು. ಪೇಟೆ ವರ್ಕ್‌ಶಾಪಿನವನು ಹತ್ತು ದಿನ ಆಗತ್ತೆ ಅಂದ."

"ಪೇಟೆಯವನ ಕೈ ಅಪ್ಪನ ಕೈ ತಾನೆ? ಅಲ್ಲಿಗೇ ಹೋಗಿ."

ಇಬ್ಬರ ನಡುವೆ, ಬೇಲರಿನ ಹೊಟ್ಟೆಯ ಕೆಳಗೆ, ಹಳೆ ಎಣ್ಣೆಯ ಒಂದು ಕಪ್ಪು ಹನಿ ನೆಲಕ್ಕೆ ಬಿತ್ತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಗ್ರೀಸಕ್ಕ ಆ ಹನಿಯನ್ನು ನೋಡಿದಳು. ದೊಡ್ಡ ಚಕ್ರಕ್ಕೆ ಕೈ ಹಚ್ಚಿ ಅರ್ಧ ಸುತ್ತು ತಿರುಗಿಸಿದಳು. ಒಳಗಿನಿಂದ, ನಿದ್ದೆಯಲ್ಲಿ ಹಲ್ಲು ಕಡಿಯುವವರ ಸದ್ದು ಬಂತು.

"ಕೇಳು," ಅಂದಳು, ಯಂತ್ರಕ್ಕೋ ನಾದಿನಿಗೋ ತಿಳಿಯದ ಹಾಗೆ. "ಇದು ನಿನಗೋಸ್ಕರ ಅಲ್ಲ. ಅವನಿಗೋಸ್ಕರ ಅಂತೂ ಮೊದಲೇ ಅಲ್ಲ. ದನಗಳು ನನಗೆ ಏನೂ ಅಂದಿಲ್ಲ, ಅದಕ್ಕೆ ಮಾಡ್ತೀನಿ."

ಗೇರಿನ ಪೆಟ್ಟಿಗೆಯ ಪಕ್ಕದಲ್ಲಿ ಎಣ್ಣೆಯ ಮಟ್ಟ ನೋಡುವ ತೂತಿನ ಬೋಲ್ಟು ಬಿಚ್ಚಿ ಒಳಗೆ ಬೆರಳು ತೂರಿಸಿದಳು. ಬೆರಳು ಹೊರಗೆ ಬಂದಾಗ ಅದರ ಮೇಲೆ ಎಣ್ಣೆಯಲ್ಲ, ಬೆಣ್ಣೆಯಂತೆ ಮೆತ್ತಿಕೊಂಡ ಹಳದಿ ಗ್ರೀಸು.

"ಗೇರಿಗೆ ಗ್ರೀಸು! ಯಾವ ಪುಣ್ಯಾತ್ಮನ ಕೆಲಸ ಇದು?"

"ಪೇಟೆಯವನದು. ಪ್ರತಿ ವರ್ಷ ಹೊಸ ಸೀಲು ಹಾಕ್ತಿದ್ದ, ಪ್ರತಿ ವರ್ಷ ಸೋರ್ತಿತ್ತು. ಈ ಸಲ, ಎಣ್ಣೆ ನಿಲ್ತಿಲ್ಲ, ಗ್ರೀಸಾದ್ರೆ ನಿಲ್ಲತ್ತೆ ಅಂದ."

"ನಿಲ್ಲತ್ತೆ! ಗೋಡೆ ಹಿಡಿದುಕೊಂಡು ನಿಲ್ಲತ್ತೆ! ಹಲ್ಲು ಒಂದು ಸಲ ಅದನ್ನ ಪಕ್ಕಕ್ಕೆ ತಳ್ಳಿದ್ರೆ ಮುಗೀತು, ಮತ್ತೆ ವಾಪಸ್ ಬರಲ್ಲ. ಎಣ್ಣೆ ಆದ್ರೆ ಹರಿದು ಬರತ್ತೆ. ಇದು ಸುತ್ತ ಕೂತು ತಮಾಷೆ ನೋಡತ್ತೆ, ನಡುವೆ ಗೇರು ಒಣಗಿ ಸಾಯತ್ತೆ."

"ನೋಡಿದ್ಯಾ," ಅಂದ ಮಾಮ, ನಡುವಿನ ಗೋಡೆಗೆ ಒರಗಿ. "ಹೆಸರು ಗ್ರೀಸಕ್ಕ, ಗ್ರೀಸು ಕಂಡ್ರೆ ಉರಿದು ಬೀಳ್ತಾಳೆ."

"ಗ್ರೀಸಿಗೂ ಒಂದು ಜಾಗ ಇದೆ ಮಾಮ. ನಿನ್ನ ನಾಲಿಗೆಗೆ ಮಾತ್ರ ಬೇಡ, ಅದು ಮೊದಲೇ ಜಾರತ್ತೆ."

ತೊಳೆಯಲು ಡೀಸೆಲ್ ಸಾಲದು. ನಾದಿನಿ ಎರಡು ಖಾಲಿ ಕ್ಯಾನು ಹಿಡಿದುಕೊಂಡು ಬಂಕಿಗೆ ಹೊರಟಳು. ಗ್ರೀಸಕ್ಕ ಸ್ಟೂಲು ಹಾಕಿಕೊಂಡು ಬೇಲರಿನ ಮೇಲ್ಭಾಗಕ್ಕೆ ಕೈ ಚಾಚಿದಳು. ಪೆಟ್ಟಿಗೆ ತೊಳೆಯುವ ಮುಂಚೆ ಮೊಟ್ಟಮೊದಲ ಕೆಲಸ ಒಂದಿದೆ. ಅದನ್ನು ಅಪ್ಪ ಅವಳಿಗೆ ಎಂಟನೆಯ ವಯಸ್ಸಿನಲ್ಲಿ ಕಲಿಸಿದ್ದ.

ಗೇರ್‌ಬಾಕ್ಸಿನ ನೆತ್ತಿಯ ಮೇಲೆ ಅಣಬೆಯಂಥ ಸಣ್ಣ ಟೋಪಿ ಇರುತ್ತದೆ. ಅಪ್ಪ ಅದನ್ನು ಉಸಿರು ಬಿರಡೆ ಅನ್ನುತ್ತಿದ್ದ. ಓಡುವಾಗ ಎಣ್ಣೆ ಕಾಯುತ್ತದೆ, ಒಳಗಿನ ಗಾಳಿ ಹಿಗ್ಗುತ್ತದೆ, ಆ ಟೋಪಿಯ ಸಂದಿಯಿಂದ ಹೊರಗೆ ಹೋಗುತ್ತದೆ. ತಣಿದಾಗ ಗಾಳಿ ಅಲ್ಲಿಂದಲೇ ಒಳಗೆ ಬರುತ್ತದೆ. ಅದು ಮುಚ್ಚಿದರೆ ಹಿಗ್ಗಿದ ಗಾಳಿ ಸುಮ್ಮನೆ ಕೂರುವುದಿಲ್ಲ, ಶಾಫ್ಟಿನ ಸೀಲನ್ನು ಒದ್ದುಕೊಂಡು ಹೊರಗೆ ಬೀಳುತ್ತದೆ. ಹಿಂದೆಯೇ ಎಣ್ಣೆ. ತೊಳೆಯುವಾಗ ಕೊಳೆ ನೀರು ಆ ಸಂದಿಯಿಂದ ಒಳಗಿಳಿಯಬಾರದೆಂದು ಬಿರಡೆಯನ್ನು ಬಿಚ್ಚಿ ಡಬ್ಬಿಗೆ ಹಾಕಿ, ಅದರ ಜಾಗಕ್ಕೆ ಗಟ್ಟಿ ಬೋಲ್ಟೊಂದನ್ನು ತಿರುಪುವುದು ಈ ಅಂಗಡಿಯ ಪದ್ಧತಿ. ಆ ಬೋಲ್ಟಿನ ಕುತ್ತಿಗೆಗೆ ಕೆಂಪು ಬಟ್ಟೆಯ ಚೂರು ಕಟ್ಟಿರಬೇಕು, ಮರೆಯದ ಹಾಗೆ. "ಕೆಂಪು ಕಟ್ಟಿದ್ದು ಹೊಸ್ತಿಲು ದಾಟಬಾರದು" ಅನ್ನುವುದು ಅಪ್ಪನ ಮಾತು.

ಬೆರಳಿಗೆ ಬಿರಡೆ ಸಿಗಲಿಲ್ಲ. ಸಿಕ್ಕಿದ್ದು ನಯವಾದ ಒಂದು ಹಸಿರು ಗುಬುಟು.

ತಮ್ಮ ಪ್ರತಿ ವರ್ಷ ಹುಲ್ಲು ಕೊಯ್ಲಿಗೆ ಮುಂಚೆ ಬೇಲರಿಗೆ ಕೈಯಾರೆ ಬಣ್ಣ ಬಳಿಯುತ್ತಿದ್ದ ಸಂಗತಿ ಅವಳಿಗೆ ಗೊತ್ತಿತ್ತು. ಅಪ್ಪ ತಂದಾಗಿನ ಹಸಿರೇ ಬೇಕು, ಬೇರೆ ಹಸಿರಲ್ಲ. ಪೂಜೆ ಮಾಡುವವರ ಹಾಗೆ ಸ್ನಾನ ಮಾಡಿ ಬಂದು ಬಳಿಯುತ್ತಾನೆ ಅಂತ ಜನ ಆಡಿಕೊಳ್ಳುತ್ತಿದ್ದರು. ಬಳಿದದ್ದು ಮಾತ್ರ ಕುರುಡು ಭಕ್ತಿಯಲ್ಲಿ. ಬೋಲ್ಟಿನ ತಲೆ, ಗ್ರೀಸು ಒತ್ತುವ ಮೂತಿ, ಹುರಿಯ ಕೊಕ್ಕೆ, ಒಂದು ಸತ್ತ ಜೀರುಂಡೆ, ಎಲ್ಲದರ ಮೇಲೂ ಹಸಿರು ಹರಿದಿತ್ತು. ನೆತ್ತಿಯ ಮೇಲೂ.

ಗ್ರೀಸಕ್ಕ ಚಾಕುವಿನ ತುದಿಯಿಂದ ಗುಬುಟಿನ ಬುಡ ಕೆರೆದು ನೋಡಿದಳು. ಹಸಿರಿನ ಕೆಳಗೆ ಹಸಿರು, ಅದರ ಕೆಳಗೆ ಹಸಿರು. ಮೂರು ಪದರ. ಎಲ್ಲಿಯೂ ಒಡೆದಿಲ್ಲ. ಪೇಟೆಯವನು ಪಕ್ಕದ ತೂತಿನಿಂದಲೇ ಪಂಪಿನಲ್ಲಿ ಎಣ್ಣೆ ಹೊಡೆದಿದ್ದಾನೆ, ನೆತ್ತಿಯನ್ನು ಮುಟ್ಟಿಯೇ ಇಲ್ಲ.

"ಮಾಮಾ! ಬಾ ಇಲ್ಲಿ! ಬಂದು ನೋಡು ಈ ರಾಜಕುಮಾರನ ಕೆಲಸ!" ಅವಳ ದನಿ ರಸ್ತೆಗೆ ಕೇಳಿಸಿತು. "ಬಣ್ಣ ಬಳಿದು ಉಸಿರು ಕಟ್ಟಿಸಿ ಕೊಂದಿದಾನೆ! ಅಪ್ಪನ ಮಿಷನ್ನನ್ನ ಬಣ್ಣ ಬಳಿದು ಕೊಂದಿದಾನೆ! ಅಂದು ಡೈರಿ ಅಂಗಳದಲ್ಲಿ ನನ್ನ ಕೈ ಸರಿ ಇಲ್ಲ ಅಂದ. ಈಗ ಹೇಳು, ಯಾರ ಕೈ ಸರಿ ಇಲ್ಲ?"

ಮಾಮ ಕಣ್ಣು ಕಿರಿದು ಮಾಡಿ ಹಸಿರು ಗುಬುಟನ್ನು ನೋಡಿದ. "ಅಯ್ಯೋ ಶಿವನೇ, ಹೌದಲ್ಲ," ಅಂದ. ವೆಲ್ಡಿಂಗ್ ರಾಡು ಕೆಳಗಿಟ್ಟ. "ಬಾಯಾರಿಕೆ ಆಗಿದೆ, ಒಂದು ಚಾ ಕುಡಿದು ಬರ್ತೀನಿ ತಾಯಿ."

ಮಾಮ ಚಾ ಅಂಗಡಿಗೆ ಹೋದರೆ ಸುದ್ದಿ ಊರಿಗೆ ಹೋದಂತೆ. ಅದು ಗೊತ್ತಿದ್ದೇ ಅವಳು ಕೂಗಿದ್ದು. ಮೂರು ವರ್ಷ ಕಾದದ್ದು ಈ ದಿನಕ್ಕೆ. ಡೈರಿ ಅಂಗಳಕ್ಕೆ ಹೋಗಿ ಏನು ಹೇಳಬೇಕು, ಯಾವ ಮಾತಿನ ನಂತರ ಯಾವ ಮಾತು, ಎಲ್ಲಿ ನಿಲ್ಲಿಸಿ ಅವನ ಮುಖ ನೋಡಬೇಕು, ಎಲ್ಲವನ್ನೂ ಮನಸ್ಸಿನಲ್ಲೇ ಜೋಡಿಸುತ್ತ ಬಣ್ಣ ಕೆರೆಯತೊಡಗಿದಳು.

ಮೊದಲ ಪದರ ಹೋಯಿತು. ಎರಡನೆಯದು ಸಿಪ್ಪೆಯ ಹಾಗೆ ಎದ್ದಿತು. ಮೂರನೆಯದರ ಕೆಳಗೆ ಬಿರಡೆಯ ದುಂಡು ಟೋಪಿ ಕಾಣಬೇಕಿತ್ತು.

ಕಂಡದ್ದು ಆರು ಮೂಲೆ.

ಅವಳು ಚಾಕುವನ್ನು ಒರೆಸಿಕೊಂಡು ಮತ್ತೆ ಕೆರೆದಳು. ಬೋಲ್ಟಿನ ಆರು ಮೂಲೆಯ ತಲೆ. ಅದರ ಕುತ್ತಿಗೆಯಲ್ಲಿ, ಬಣ್ಣ ಹೀರಿ ಕಲ್ಲಾಗಿದ್ದ ಒಂದು ಗಂಟು. ಬಟ್ಟೆಯ ತುದಿ ಎಂದೋ ಗಾಳಿಗೆ ಹರಿದು ಹೋಗಿದೆ, ಗಂಟು ಮಾತ್ರ ಉಳಿದಿದೆ. ಉಗುರಿನಿಂದ ಹಸಿರನ್ನು ಸುಲಿದಳು. ಒಳಗೆ ಕೆಂಪು.

ಗ್ರೀಸಕ್ಕ ಸ್ಟೂಲಿನಿಂದ ಇಳಿದು ಅದರ ಮೇಲೆಯೇ ಕೂತಳು.

ಮೂರು ವರ್ಷದ ಹಿಂದಿನ ಆ ದಿನ ಅವಳ ಕಣ್ಣ ಮುಂದೆ ಬಂತು. ಪೆಟ್ಟಿಗೆ ಮುಚ್ಚಿದ್ದಳು. ಪಕ್ಕದ ತೂತಿನಿಂದ ಎಣ್ಣೆ ತುಂಬಿದ್ದಳು, ಆತುರ ಇತ್ತು ಅಂತ. ಇನ್ನು ಬೋಲ್ಟು ಬಿಚ್ಚಿ ಬಿರಡೆ ಹಾಕುವುದು ಮಾತ್ರ ಬಾಕಿ. ಕೈಯೆಲ್ಲ ಎಣ್ಣೆ, ಜಾರುತ್ತಿತ್ತು. ಹಿತ್ತಲ ನಲ್ಲಿಗೆ ಹೋಗಿ ಕೈ ತೊಳೆಯುವಷ್ಟರಲ್ಲಿ ತಮ್ಮ ಟ್ರ್ಯಾಕ್ಟರಿಗೆ ಕೊಂಡಿ ಹಾಕಿ ಹೊರಟೇಬಿಟ್ಟಿದ್ದ. "ಮೋಡ ಆಗ್ತಿದೆ ಅಕ್ಕಾ!" ಅಂತ ದೂರದಿಂದ ಕೂಗಿದ್ದ. ಅವಳು ಒದ್ದೆ ಕೈ ಬೀಸಿ ಕಳಿಸಿದ್ದಳು. ಬಿರಡೆ ಹಾಕಿದೆನೋ ಇಲ್ಲವೋ ಎಂಬ ಸಂಶಯ ಒಂದು ಕ್ಷಣವೂ ಬರಲಿಲ್ಲ. ಮೂವತ್ತು ವರ್ಷ ಕೈ ತಾನಾಗಿಯೇ ಮಾಡಿದ ಕೆಲಸ. ಕೈ ಮಾಡುವುದನ್ನು ತಲೆ ಕೇಳುವುದಿಲ್ಲ.

ಅಟ್ಟಕ್ಕೆ ಏಣಿ ಹಾಕಿದಳು. ಮೂಲೆಯಲ್ಲಿ ಡಬ್ಬಿ ಮಗುಚಿ ಬಿದ್ದಿತ್ತು, ಮುಚ್ಚಳ ತುಕ್ಕು ಹಿಡಿದಿತ್ತು. ತೆಗೆದರೆ ಎರಡು ವಾಷರು, ಒಂದು ಹಳೆ ಸೀಲು, ಅಪ್ಪ ಆ ತಗಡಿಗೆಂದು ತೆಗೆದಿಟ್ಟಿದ್ದ ಮೂರನೆಯ ಬೋಲ್ಟು. ಅವುಗಳ ನಡುವೆ ಉಸಿರು ಬಿರಡೆ. ಜಗಳದ ದಿನ ಈ ಡಬ್ಬಿಯನ್ನು ಎಸೆಯದೆ ಒಮ್ಮೆ ತೆರೆದಿದ್ದರೆ ಅಂದೇ ಕಾಣುತ್ತಿತ್ತು.

ಅವಳಿಗೆ ಮೊದಲು ಬಂದದ್ದು ಪಶ್ಚಾತ್ತಾಪವಲ್ಲ. ಸಿಟ್ಟು. ಅವನ ಮೇಲೆ, ಅವನ ಆತುರದ ಮೇಲೆ, ಬಣ್ಣದ ಮೇಲೆ, ಗ್ರೀಸಿನ ಮೇಲೆ, ನಕ್ಕ ಇಪ್ಪತ್ತು ಜನರ ಮೇಲೆ. ಇಷ್ಟೆಲ್ಲ ಸಿಟ್ಟು ಮಾಡಿಕೊಂಡ ಮೇಲೂ ಅದು ಮುಗಿಯಲಿಲ್ಲ; ಮುಗಿಯದೆ ಉಳಿದದ್ದು ತನ್ನ ಮೇಲಿನದು. ಅದರ ಕೂಡ ಇನ್ನೊಂದು ಯೋಚನೆಯೂ ಬೆಕ್ಕಿನಂತೆ ಸದ್ದಿಲ್ಲದೆ ಬಂತು. ಇದನ್ನು ನೋಡಿದವರು ಯಾರು? ನಾದಿನಿ ಬಂಕಿನಲ್ಲಿ, ಮಾಮ ಚಾ ಅಂಗಡಿಯಲ್ಲಿ. ಬೋಲ್ಟು ಬಿಚ್ಚಿ ಜೇಬಿಗೆ ಹಾಕಿಕೊಂಡು, ಬಿರಡೆಯ ಟೋಪಿಗೆ ಕೆರೆದ ಹಸಿರನ್ನೇ ಒಂದಿಷ್ಟು ಮೆತ್ತಿದರೆ ಸಾಕು. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಊರಿಗೆ ಈಗಾಗಲೇ ಬಣ್ಣದ ಸುದ್ದಿ ಹೋಗಿದೆ.

ಬೋಲ್ಟು ಬಿಚ್ಚಿದಳು. ಜೇಬಿಗೆ ಹಾಕಿಕೊಂಡಳು. ಬಿರಡೆಯನ್ನು ಹಿಡಿದು ನಿಂತಳು.

ಆಗಲೇ ತಮ್ಮ ಬಂದ.

ಅವನು ಚಾ ಅಂಗಡಿಯ ಮುಂದೆ ಹಾದು ಬಂದಿದ್ದ, ಸುದ್ದಿ ಕಿವಿಗೆ ಬಿದ್ದಿತ್ತು. ಹಿಂದೆ ಮಾಮ, ಮಾಮನ ಹಿಂದೆ ಡೈರಿಯಲ್ಲಿ ಹಾಲು ಅಳೆಯುವವನು, ಇನ್ನಿಬ್ಬರು. ಡೀಸೆಲ್ ಕ್ಯಾನು ಹೊತ್ತ ಹೆಂಡತಿ ಅದೇ ಹೊತ್ತಿಗೆ ಇನ್ನೊಂದು ಕಡೆಯಿಂದ ಬಂದಳು.

"ಯಾರು ಹೇಳಿದ್ದು ಇಲ್ಲಿಗೆ ತಾ ಅಂತ?" ಹೆಂಡತಿಯ ಮೇಲೆ ಹಾರಿದ. "ಒಂದು ಸಲ ಹಾಳು ಮಾಡಿದವಳ ಕೈಗೇ ಮತ್ತೆ ಕೊಟ್ಟೆಯಲ್ಲ! ಈಗ ನೋಡು, ಊರ ತುಂಬ ನಾನು ಅಪ್ಪನ ಮಿಷನ್ ಕೊಂದೆ ಅಂತ ಡಂಗುರ ಹೊಡೆಸಿದಾಳೆ! ನಾನು! ವರ್ಷಾ ವರ್ಷಾ ಒರೆಸಿ, ಬಣ್ಣ ಬಳಿದು ಕಾಪಾಡಿದವನು ನಾನು!"

"ಒರೆಸಿದ್ದು ಕಾಣ್ತಾ ಇದೆ. ಜೀರುಂಡೆಗೂ ಬಣ್ಣ ಬಳಿದಿದೀಯ!"

"ನಿನ್ನ ಕೆಲಸ ನೆಟ್ಟಗೆ ಮಾಡಿದ್ರೆ..."

ಅವನು ಮಾತು ನಿಲ್ಲಿಸಿದ. ಕಣ್ಣು ಪೆಟ್ಟಿಗೆಯ ನೆತ್ತಿಯ ಮೇಲಿನ ಬರಿಯ ತೂತಿನ ಮೇಲೆ, ಸುತ್ತ ಚೆಲ್ಲಿದ್ದ ಹಸಿರು ಸಿಪ್ಪೆಗಳ ಮೇಲೆ, ಅಕ್ಕನ ಕೈಯಲ್ಲಿದ್ದ ಬಿರಡೆಯ ಮೇಲೆ ಓಡಾಡಿತು. ಅಪ್ಪ ಅವನಿಗೂ ಅಷ್ಟು ಕಲಿಸಿದ್ದ. ಅವನು ಒಂದು ಸಿಪ್ಪೆಯನ್ನು ಎತ್ತಿಕೊಂಡ. ಮೂರು ಪದರ ಎಣಿಸಿದ.

"ಅಕ್ಕಾ," ಅಂದ. ದನಿ ಇಳಿದುಹೋಗಿತ್ತು. "ಬಣ್ಣದಿಂದಲೇನಾ? ನಾನೇನಾ?"

ಈ ಮಾತನ್ನು, ಈ ದನಿಯಲ್ಲಿ, ಇಷ್ಟು ಜನರ ಎದುರು ಕೇಳಬೇಕೆಂದೇ ಅವಳು ಮೂರು ವರ್ಷ ಕಾದಿದ್ದಳು. ಈಗ 'ಹೌದು' ಅಂದರೆ ಮುಗಿಯಿತು. ಅವಳ ಕೈಗೆ ಬಂದ ಕಳಂಕ ಅವನ ಕೈಗೆ ಹೋಗುತ್ತದೆ, ಅವನು ಅದನ್ನು ಸಾಯುವವರೆಗೂ ಹೊರುತ್ತಾನೆ. ದೇವರು ಒಮ್ಮೊಮ್ಮೆ ಬೇಡಿದ್ದನ್ನು ಹಾಗೇ ಬೊಗಸೆಗೆ ಹಾಕಿ ನಿಂತು ನೋಡುತ್ತಾನೆ, ಇವಳು ಏನು ಮಾಡುತ್ತಾಳೆ ಅಂತ.

ಅವಳು ಜೇಬಿಗೆ ಕೈ ಹಾಕಿ ಬೋಲ್ಟನ್ನು ತೆಗೆದು ಬೆಂಚಿನ ಮೇಲೆ ಎಸೆದಳು. ಅದು ಎರಡು ಸಲ ಪುಟಿದು ಹಾಲು ಅಳೆಯುವವನ ಕಾಲ ಬಳಿ ಬಿತ್ತು.

"ತಗೋ! ಎತ್ತಿ ನೋಡು! ಕೆಂಪು ಕಾಣತ್ತಾ? ಬಿರಡೆ ಡಬ್ಬೀಲಿ ಉಳೀತು, ಬೋಲ್ಟು ಪೆಟ್ಟಿಗೆ ಮೇಲೆ ಹೋಯ್ತು. ನಾನು ಕಟ್ಟಿದ್ದು, ನಾನು ಬಿಚ್ಚಲಿಲ್ಲ. ನಿನ್ನ ಬಣ್ಣ ಬಿದ್ದದ್ದು ಸೀಲು ಹಾರಿದ ಮೇಲೆ. ನನ್ನ ತಪ್ಪು! ಕೇಳಿಸ್ತಾ ಎಲ್ಲರಿಗೂ? ಮಾಮಾ, ನಿನಗೆ ಕೇಳಿಸ್ತಾ? ಹೋಗಿ ಇನ್ನೊಂದು ಚಾ ಕುಡಿದು ಬಾ!"

ಯಾರೂ ನಗಲಿಲ್ಲ. ಇಷ್ಟು ಬೈಗುಳದ ದನಿಯಲ್ಲಿ ತಪ್ಪು ಒಪ್ಪಿಕೊಂಡವರನ್ನು ಆ ಊರು ಕಂಡಿರಲಿಲ್ಲ. ಮಾಮ ಕವಚವನ್ನು ಮುಖದ ಮೇಲೆ ಎಳೆದುಕೊಂಡ.

"ನೀನೂ ದೊಡ್ಡ ಸಾಚಾ ಅಲ್ಲ!" ಅವಳು ತಮ್ಮನ ಕಡೆ ತಿರುಗಿದಳು. "ಕೈ ತೊಳೆದು ಬರೋವಷ್ಟು ತಡೆದುಕೊಳ್ಳಲಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ. ಆಮೇಲೆ ಸಾಕ್ಷಿ ಮೇಲೆ ವರ್ಷಕ್ಕೊಂದು ಪದರ ಬಣ್ಣ!"

ತಮ್ಮ ಬೋಲ್ಟನ್ನು ಎತ್ತಿ ಅಂಗೈಯಲ್ಲಿಟ್ಟು ನೋಡುತ್ತಿದ್ದ. ಅವನ ಮುಖ ನಿಧಾನಕ್ಕೆ ಕೆಂಪಾಯಿತು.

"ಹಾಗಾದರೆ ಅವತ್ತು ನಾನು ಅಂದಿದ್ದೇ ಸರಿ."

"ತಪ್ಪು ನನ್ನದು ಅಂದಿದ್ದು ಸರಿ. ಅಪ್ಪನ ಕೈ ಬರಲಿಲ್ಲ ಅಂದಿದ್ದು ಸರಿ ಅಲ್ಲ."

"ಮೂರು ವರ್ಷ! ಮೂರು ವರ್ಷ ಮಾತು ಬಿಟ್ಟೆಯಲ್ಲೇ!"

"ನೀನೂ ಬಿಟ್ಟೆ!"

"ನೀನು ಬಿಟ್ಟೆ ಅಂತ ನಾನು ಬಿಟ್ಟಿದ್ದು!"

"ಜಗಳ ಹಳಸಲ್ಲ," ಅಂದಳು ಅವನ ಹೆಂಡತಿ, ಕ್ಯಾನುಗಳನ್ನು ಇಬ್ಬರ ನಡುವೆ ದಪ್ಪೆಂದು ಇಟ್ಟು. "ಹುಲ್ಲು ಕೊಳೆಯತ್ತೆ. ಮೊದಲು ಕೆಲಸ."

ಕೆಲಸ ನಡೆಯಿತು, ಜಗಳವೂ ನಡೆಯಿತು. ಹೊರಗೆಲ್ಲ ತೊಳೆದು ಪಕ್ಕದ ಮುಚ್ಚಳ ತೆಗೆದಾಗ ಗ್ರೀಸು ಗೋಡೆಗೆ ಗಿಲಾವು ಹಾಕಿದಂತೆ ಮೆತ್ತಿಕೊಂಡಿತ್ತು. ನಡುವೆ ಗೇರಿನ ಆಕಾರದ ಖಾಲಿ ಗುಹೆ. ತಮ್ಮ ಅದನ್ನು ಗೋರಿ ಗೋರಿ ತೆಗೆದ. ಪೇಟೆಯವನನ್ನು ಬೈಯುವ ವಿಷಯದಲ್ಲಿ ಮಾತ್ರ ಇಬ್ಬರಿಗೂ ಒಮ್ಮತ ಇತ್ತು. ಅವನು ಹಾಕಿದ್ದ ಹೊಸ ಗೇರಿನ ಹಲ್ಲುಗಳು ಉಳಿದಿದ್ದವು, ಒಂದು ಬೇರಿಂಗು ಹೋಗಿತ್ತು. ಅದೇ ಅಳತೆಯದು ಅಂಗಡಿಯಲ್ಲಿತ್ತು. ಸೀಲಿನ ತುಟಿ ಉಜ್ಜಿ ಉಜ್ಜಿ ಶಾಫ್ಟಿನ ಮೇಲೆ ಉಗುರು ಸಿಕ್ಕುವಷ್ಟು ಗೆರೆ ಬಿದ್ದಿತ್ತು.

"ಹೊಸ ಶಾಫ್ಟು ಬೇಕಲ್ಲ," ಅಂದ ತಮ್ಮ.

"ಬೇಡ. ಸೀಲನ್ನ ಪೂರ್ತಿ ಒಳಗೆ ಹೊಡೀಬೇಡ, ಕಡ್ಡಿಯಷ್ಟು ಹೊರಗೆ ನಿಲ್ಲಿಸು. ತುಟಿ ಹಳೆ ಗೆರೆ ಮೇಲೆ ಕೂರಲ್ಲ, ಹೊಸ ಜಾಗದ ಮೇಲೆ ಕೂರತ್ತೆ. ಮರದ ತುಂಡು ನೆಟ್ಟಗೆ ಹಿಡಿ. ನೆಟ್ಟಗೆ ಅಂದೆ!"

"ನೆಟ್ಟಗೇ ಹಿಡಿದಿದೀನಿ! ನಿನ್ನ ಕಣ್ಣೇ ಡೊಂಕು!"

"ನೆಲ ಡೊಂಕು ಅನ್ನು, ಚೆನ್ನಾಗಿ ಬರತ್ತೆ ನಿನಗೆ."

ಅವನು ತುಟಿ ಕಚ್ಚಿಕೊಂಡು ಮರದ ತುಂಡನ್ನು ಹಿಡಿದ. ಅವಳು ಸುತ್ತಲೂ ಮೆಲ್ಲಗೆ, ಒಂದೇ ಸಮ ತಟ್ಟಿ ಸೀಲನ್ನು ಕೂರಿಸಿದಳು. ಮುಚ್ಚಳ ಬಿಗಿದಾದ ಮೇಲೆ ದೇವರ ಹೆಸರು ಹೇಳಿ ನೆತ್ತಿಯ ತೂತಿನಿಂದ ಎಣ್ಣೆ ಹೊಯ್ದಳು. ಪಕ್ಕದ ತೂತಿನಲ್ಲಿ ತಮ್ಮ ಕಣ್ಣಿಟ್ಟು ಕೂತ. ತೂತಿನ ಅಂಚಿನಿಂದ ಒಂದೆಳೆ ಎಣ್ಣೆ ಇಳಿದಾಗ "ಸಾಕು" ಅಂದ. ಅಪ್ಪ ಹೊಯ್ಯುವಾಗಲೂ ಹಾಗೆ ಕೂತು ಸಾಕು ಅನ್ನುವ ಕೆಲಸ ಅವನದೇ ಆಗಿತ್ತು.

ಬಿರಡೆಯನ್ನು ಡೀಸೆಲಿನಲ್ಲಿ ಅದ್ದಿ, ಒರೆಸಿ, ಬಾಯಿಂದ ಊದಿ ನೋಡಿ, ಎಲ್ಲರ ಎದುರು ತಿರುಪಿದಳು. ಟ್ರ್ಯಾಕ್ಟರು ಹಚ್ಚಿ ಕಾಲು ಗಂಟೆ ಓಡಿಸಿದರು. ಪೆಟ್ಟಿಗೆ ಬೆಚ್ಚಗಾಯಿತು. ಶಾಫ್ಟಿನ ಬುಡ ಒಣಗಿಯೇ ಇತ್ತು.

"ಬಾ, ಇಲ್ಲಿ ಕೈ ಇಡು," ಅಂದಳು.

ತಮ್ಮ ಬಿರಡೆಯ ಮೇಲೆ ಅಂಗೈ ಹಿಡಿದ. ಮಲಗಿದ ಕರುವಿನ ಮೂಗಿನ ಮುಂದೆ ಹಿಡಿದರೆ ತಗಲುವಂಥ ಬೆಚ್ಚನೆಯ ಗಾಳಿ, ಇದೆಯೋ ಇಲ್ಲವೋ ಎನ್ನುವಷ್ಟು.

"ಇಷ್ಟೇನಾ?"

"ಇಷ್ಟೇ."

ಅವನು ಬಹಳ ಹೊತ್ತು ಕೈ ತೆಗೆಯಲಿಲ್ಲ. ಆಮೇಲೆ "ಥೂ" ಅಂದು ಟ್ರ್ಯಾಕ್ಟರು ಹತ್ತಿದ.

ಮರುದಿನ ಸಂಜೆಯ ಹೊತ್ತಿಗೆ ಹೆಚ್ಚುಕಮ್ಮಿ ಹುಲ್ಲೆಲ್ಲ ಕಟ್ಟಾಯಿತು. ಕೊನೆಯ ನಾಲ್ಕು ಸಾಲು ಮಳೆಗೆ ನೆನೆಯಿತು. ಅದಕ್ಕೆ ಅಕ್ಕ ತಮ್ಮ ಇಬ್ಬರೂ ಒಬ್ಬರನ್ನೊಬ್ಬರು ದೂರಿದರು.

ಸತ್ಯ ಹೇಳಿದವರ ಮನೆಗೆ ಸುಖ ಓಡಿ ಬರುತ್ತದೆ ಅಂತ ಕಥೆಯಲ್ಲಿ ಹೇಳುವುದುಂಟು. ಗ್ರೀಸಕ್ಕನ ಅಂಗಡಿಗೆ ಹಾಗೇನೂ ಬರಲಿಲ್ಲ. ಹಾಲು ಅಳೆಯುವವನು ರಿಪೇರಿಗೆ ಬಿಟ್ಟಿದ್ದ ತನ್ನ ಹುಲ್ಲು ಹರಡುವ ಯಂತ್ರವನ್ನು ಬಿಚ್ಚಿದ್ದು ಬಿಚ್ಚಿದ ಹಾಗೇ ಎಳೆದುಕೊಂಡು ಹೋದ. ಇನ್ನೊಬ್ಬ ಕೊಯ್ಯುವ ಯಂತ್ರ ತರುತ್ತೇನೆಂದವನು ತರಲಿಲ್ಲ. ಅವಳು ಒಂದು ವಾರ ಕಂಡಕಂಡವರ ಮೇಲೆ ಹರಿಹಾಯ್ದಳು. ಆಮೇಲೆ ಒಂದು ದಿನ ಮಾಮ ಸುದ್ದಿ ತಂದ. ಡೈರಿ ಅಂಗಳದಲ್ಲಿ ಯಾರೋ, ಅಪ್ಪನ ಕೈ ಬರಲಿಲ್ಲ ಅನ್ನುವ ಹಳೆಯ ಮಾತನ್ನು ಮತ್ತೆ ಆಡಿ ನಕ್ಕರಂತೆ. ಅವಳ ತಮ್ಮ ಹಾಲಿನ ಕ್ಯಾನು ಕೆಳಗಿಟ್ಟು, "ಆ ಮಾತು ಹೇಳೋ ಹಕ್ಕು ನನಗೊಬ್ಬನಿಗೇ ಇರೋದು. ಇನ್ನೊಬ್ಬ ಹೇಳಿದ್ರೆ ಹಲ್ಲು ಉದುರಿಸ್ತೀನಿ," ಅಂದನಂತೆ.

"ಆಮೇಲೆ?"

"ಆಮೇಲೆ ಏನು, ಎಲ್ಲರೂ ಹಾಲು ಹಾಕಿ ಮನೆಗೆ ಹೋದ್ರು."

"ಅವನಿಗೆ ಯಾರು ಕೊಟ್ರು ಹಕ್ಕು?" ಅಂದಳು ಗ್ರೀಸಕ್ಕ. ಆದರೆ ಆ ದಿನ ಮಾಮನ ಚಾಕ್ಕೆ ಎರಡು ಚಮಚ ಸಕ್ಕರೆ ಹೆಚ್ಚು ಬಿತ್ತು.

ವರ್ಷ ಕಳೆದು ಮತ್ತೆ ಹುಲ್ಲು ಮೊಣಕಾಲು ಮುಟ್ಟುವ ಹೊತ್ತಿಗೆ, ಒಂದು ಬೆಳಿಗ್ಗೆ ರಸ್ತೆಯ ತಿರುವಿನಲ್ಲಿ ತಗಡು ಎರಡೆರಡು ಸಲ ಬಡಿದುಕೊಳ್ಳುವ ಸದ್ದು ಕೇಳಿಸಿತು. ತಮ್ಮ ಬೇಲರನ್ನು ಅಂಗಳಕ್ಕೆ ತಂದು ನಿಲ್ಲಿಸಿದ. ತಲೆ ಒದ್ದೆ, ಆಗಷ್ಟೇ ಸ್ನಾನ ಮಾಡಿದಂತಿತ್ತು. ಒಂದು ಕೈಯಲ್ಲಿ ಹಸಿರು ಬಣ್ಣದ ಡಬ್ಬಿ, ಇನ್ನೊಂದರಲ್ಲಿ ಕುಂಚ. ಹೇಗಿದ್ದೀಯ ಅಂತಲೂ ಕೇಳಲಿಲ್ಲ.

"ಎಲ್ಲೆಲ್ಲಿ ಬಳೀಬಾರದು, ತೋರಿಸು."

ಗ್ರೀಸಕ್ಕ ಕೆಂಪು ಬಟ್ಟೆಯನ್ನು ಚೂರು ಚೂರು ಹರಿದು ಕಟ್ಟುತ್ತ ಹೋದಳು. ಉಸಿರು ಬಿರಡೆಗೆ, ಮಟ್ಟದ ಬೋಲ್ಟಿಗೆ, ಗ್ರೀಸು ಒತ್ತುವ ಒಂದೊಂದು ಮೂತಿಗೆ, ಹುರಿಯ ಕೊಕ್ಕೆಗೆ.

"ಇಷ್ಟಕ್ಕೆಲ್ಲ ಕಟ್ಟಿದ್ರೆ ಬಣ್ಣ ಎಲ್ಲಿ ಬಳೀಲಿ?"

"ಉಳಿದ ಕಡೆ ಬಳಿ. ಜೀರುಂಡೆಗೆ ಬೇಕಾದ್ರೆ ಎರಡು ಸಲ ಬಳಿ."

ಹಿಂಬದಿಗೆ ಬಂದಾಗ ಅವಳಿಗೆ ನೆನಪಾಯಿತು. ಒಳಗೆ ಹೋಗಿ ಡಬ್ಬಿಯಿಂದ ಅಪ್ಪ ತೆಗೆದಿಟ್ಟಿದ್ದ ಮೂರನೆಯ ಬೋಲ್ಟನ್ನು ತಂದಳು, ತಗಡಿನ ತೂತಿಗೆ ಹಿಡಿದು ಸ್ಪ್ಯಾನರ್ ಹಚ್ಚಿದಳು.

"ಅದು ಬೇಡ," ಅಂದ ತಮ್ಮ, ಕುಂಚದಿಂದ ಕಣ್ಣೆತ್ತದೆ.

"ಯಾಕೆ?"

"ಬಡಿದುಕೊಳ್ಳಲಿ ಬಿಡು. ಇಲ್ಲದಿದ್ರೆ ನಾನು ಬರ್ತಿರೋದು ನಿನಗೆ ಹೇಗೆ ಗೊತ್ತಾಗತ್ತೆ?"

"ಗೊತ್ತಾದ್ರೆ ಬಾಗಿಲು ಹಾಕ್ಕೋತೀನಿ, ಕತ್ತೆ," ಅಂದಳು ಅಕ್ಕ. ಬೋಲ್ಟನ್ನು ಮತ್ತೆ ಡಬ್ಬಿಗೆ ಹಾಕಿ, ಡಬ್ಬಿಯನ್ನು ಬೆಂಚಿನ ಮೇಲೆ ಕಣ್ಣಿಗೆ ಬೀಳುವ ಜಾಗದಲ್ಲಿ ಇಟ್ಟಳು.